ಹೊಂಗೆ ಮರಕ್ಕೆ ಹನ್ನೊಂದು ಹೆಜ್ಜೆ

ಸ್ವಲ್ಪ ತಾಳಿ. ಹೊಸಹೊಳಲಿನ ದೇವಸ್ಥಾನದ ಬಗ್ಗೆ ಪೂರ್ತಿ ಬರಿ ಅಂತ ನೀವು ಕೇಳುತ್ತಲೇ ಇದ್ದೀರಿ, ಗೊತ್ತಿದೆ. ಈ ಬರಹದಲ್ಲಿ ಆ ದೇವಸ್ಥಾನ ಬರುತ್ತದೆ. ನಾನು ಒಮ್ಮೆ ಫೋಟೊ ಹಾಕಿ ನಿಮ್ಮಿಂದ ಭೇಷ್ ಅನ್ನಿಸಿಕೊಂಡಿದ್ದ ಆ ಅರ್ಧ ಬಳೆಯ ಕೆತ್ತನೆಯೂ ಬರುತ್ತದೆ. ಆದರೆ ಅದಕ್ಕೆ ಮುಂಚೆ ಒಬ್ಬ ಮನುಷ್ಯ ಬರಬೇಕು. ಆ ಬಳೆಯನ್ನು ಕಂಡುಹಿಡಿದದ್ದು ನಾನಲ್ಲ, ಅವರು. ಹೋದ ತಿಂಗಳು ತೀರಿಕೊಂಡರು. ಅದಕ್ಕೇ ತಾಳಿ ಅಂದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ನೋಡಿದ್ದೂ ಕಡಿಮೆ. ನಾಗಮಂಗಲದ ಅಕ್ಕಸಾಲಿಗರ ಮನೆಯವರು, ಹಾಗಾಗಿ ಎಲ್ಲರಿಗೂ ಆಚಾರ್ರು. ವಯಸ್ಸು ಐವತ್ತರ ಮೇಲೆ. ತೆಳ್ಳಗೆ, ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿತ್ತು, ಕುಮುಟೆಯ, ಅಂದರೆ ಅಕ್ಕಸಾಲಿಗರ ಅಗ್ಗಿಷ್ಟಿಕೆಯ, ಮುಂದೆ ಕೂತು ಕೂತು ಬಾಗಿದ್ದು. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಯಾವ ವಸ್ತು ಕೈಗೆ ಸಿಕ್ಕಿದರೂ ಆ ಉಗುರಿನಿಂದ ಒಮ್ಮೆ ಗೀರಿ ನೋಡುವುದು ಅಭ್ಯಾಸ. ಟೀ ಲೋಟ, ವ್ಯಾನಿನ ಬಾಗಿಲು, ಹೊಯ್ಸಳರ ಕಂಬ, ಎಲ್ಲವೂ ಅವರಿಗೆ ಒಂದೇ.

ಊರಲ್ಲಿ ಒಡವೆ ಅಂಗಡಿಗಳು ಬಂದು ರೆಡಿ ಮಾಲು ಮಾರತೊಡಗಿದ ಮೇಲೆ ಅವರ ಕೈಗೆ ಕೆಲಸ ಬರುವುದು ನಿಂತಿತು. ಪಾಂಡವಪುರದ ಕಡೆ, ಕಬ್ಬಿನ ಗದ್ದೆಗಳ ಮಧ್ಯೆ ಒಂದು ರೆಸಾರ್ಟು ಇದೆ. ಅಲ್ಲಿ ಒಂಬತ್ತು ಗುಂಡಿಯ ಗಾಲ್ಫ್ ಮೈದಾನ ಮಾಡಿದಾಗ ಆಚಾರ್ರು ಕ್ಯಾಡಿಯಾಗಿ ಸೇರಿಕೊಂಡರು. ಕ್ಯಾಡಿ ಅಂದರೆ ಆಡುವವರ ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವವರು, ಚೆಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳುವವರು.

ಆ ರೆಸಾರ್ಟಿನವರು ನಾಲ್ಕು ದಿನದ ಒಂದು ಪ್ರವಾಸ ಇಟ್ಟಿದ್ದರು. ಬೆಳಿಗ್ಗೆ ಗಾಲ್ಫು, ಆಮೇಲೆ ಇತಿಹಾಸ. ಒಂದು ದಿನ ಶ್ರೀರಂಗಪಟ್ಟಣದ ಕೋಟೆ ಮತ್ತು ಗುಂಬಜ್, ಒಂದು ದಿನ ಹೊಸಹೊಳಲು, ಸಿಂಧಘಟ್ಟ, ಇನ್ನೊಂದು ದಿನ ನಾಗಮಂಗಲದ ಸೌಮ್ಯಕೇಶವ. ಇತಿಹಾಸದ ಭಾಗಕ್ಕೆ ನಾನು. ನಾನು ಸಿಂಧಘಟ್ಟದವನು, ಇತಿಹಾಸ ಓದಿದವನಲ್ಲ. ಕೆ.ಆರ್. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಿದ್ದೆ, ಬಿಡುವಿನಲ್ಲಿ ಲೈಬ್ರರಿಯ ಪುಸ್ತಕ ತಂದು ಓದುತ್ತಿದ್ದೆ. ಇಂಗ್ಲಿಷ್ ಕಲಿತದ್ದು ಕ್ರಿಕೆಟ್ ಕಾಮೆಂಟರಿ ಕೇಳಿ. ಗೈಡ್ ಕೆಲಸ ಸಿಕ್ಕಾಗ ಪ್ರಪಂಚವೇ ಸಿಕ್ಕ ಹಾಗಾಗಿತ್ತು.

ವ್ಯಾನು ಓಡಿಸುತ್ತಿದ್ದದ್ದು ಶ್ರೀರಂಗಪಟ್ಟಣದ ರಿಯಾಜ್ ಭಾಯ್. ಆಚಾರ್ರು ಆ ವ್ಯಾನಿನಲ್ಲಿ ಎಲ್ಲ ಕಡೆಗೂ ಬರುತ್ತಿದ್ದರು. ಗಾಲ್ಫ್ ಕೋಲುಗಳು ಭಾರಿ ಬೆಲೆಯವು, ವ್ಯಾನಿನಲ್ಲಿ ಹಾಗೇ ಬಿಟ್ಟು ಹೋಗುವಂತಿಲ್ಲ, ಅವುಗಳನ್ನು ಕಾಯಲು ಒಬ್ಬರು ಬೇಕು. ಹೀಗೆ ದೇವಸ್ಥಾನದ ಮುಂದೆ ವ್ಯಾನು ನಿಂತರೆ ನಾವೆಲ್ಲ ಒಳಗೆ, ಅವರು ಚೀಲಗಳ ಪಕ್ಕ.

ಅವರನ್ನು ಸರಿಯಾಗಿ ಪರಿಚಯ ಮಾಡಿಕೊಂಡದ್ದು ಹೊಸಹೊಳಲಿನಲ್ಲಿ. ಅತಿಥಿಗಳು ಬರುವ ಹಿಂದಿನ ದಿನ ನಾನು ದಾರಿ, ಸಮಯ ನೋಡಿಕೊಂಡು ಬರಲು ರಿಯಾಜ್ ಭಾಯ್ ಜೊತೆ ಹೋಗಿದ್ದೆ. ಆಚಾರ್ರು ಸುಮ್ಮನೆ ಬಂದಿದ್ದರು. ನಾನು ಗೋಡೆಯ ಮುಂದೆ ನಿಂತು ನಾಳೆ ಹೇಳಬೇಕಾದ್ದನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಹೊಯ್ಸಳರ ಕಾಲ, ಬಳಪದ ಕಲ್ಲು, ನಕ್ಷತ್ರದ ಆಕಾರ, ಹೀಗೆ. ಹಿಂದೆ ಯಾರೋ ಕೆಮ್ಮಿದರು.

"ಯಾರ್ಗ್ಲಾ ಯೋಳ್ತಿದ್ದೀಯ? ಗ್ವಾಡೆಗಾ?"

"ಪ್ರಾಕ್ಟೀಸು ಆಚಾರ್ರೇ."

"ಮಾಡು ಮಾಡು. ಅದ್ಕೂ ಗೊತ್ತಾಗ್ಲಿ ಅದು ಏನು ಅಂತ."

ನನಗೆ ಸಿಟ್ಟು ಬಂತು. ಅವರು ಅದನ್ನು ಗಮನಿಸದೆ ಗೋಡೆಯ ಹತ್ತಿರ ಹೋದರು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಒಂದು ನರ್ತಕಿಯ ಕೈಯನ್ನು ನೋಡಿದರು. ಅವರು ಏನನ್ನೇ ಗಮನವಿಟ್ಟು ನೋಡಿದರೂ ಹಾಗೆಯೇ, ಎಡಗಣ್ಣು ಮುಚ್ಚಿಯೇ. ಬೆಳಗಿನ ಬಿಸಿಲು ಆ ಗೋಡೆಗೆ ಓರೆಯಾಗಿ ಬೀಳುತ್ತಿತ್ತು.

"ಬಾ ಇಲ್ಲಿ. ಈ ಬಳೆ ನೋಡು. ಎಷ್ಟು ಮುತ್ತದೆ?"

ಎಣಿಸಿದೆ. ಏಳು. ಎಂಟನೆಯದಕ್ಕೆ ಸಣ್ಣ ಗೀರು ಮಾತ್ರ ಇತ್ತು. ಅಲ್ಲಿಂದ ಮುಂದೆ ಬಳೆ ನುಣ್ಣಗಿತ್ತು.

"ಇದು ಬೇಕು ಅಂತ ಮಾಡಿರೋ ಸಂಕೇತ ಇರಬೇಕು ಆಚಾರ್ರೇ," ಅಂದೆ. ಪುಸ್ತಕದಲ್ಲಿ ಅಂಥದ್ದೆಲ್ಲ ಓದಿದ್ದೆ. "ಯಾವುದೂ ಪೂರ್ಣ ಅಲ್ಲ ಅನ್ನೋ ಅರ್ಥದಲ್ಲಿ..."

"ಯಾವ ಸಂಕೇತನೂ ಇಲ್ಲ ಕಣ್ಲಾ, ಬಾಕಿ ಬಿದ್ದಿರೋ ಕೆಲ್ಸ ಇದು." ಉಗುರನ್ನು ಆ ಗೀರಿನ ಹತ್ತಿರ ತಂದರು, ಮುಟ್ಟಲಿಲ್ಲ. "ಎಡದಿಂದ ಶುರು ಮಾಡವ್ನೆ. ಏಳು ಕೊರ್ದವ್ನೆ. ಎಂಟನೇದಕ್ಕೆ ಗುರ್ತು ಆಕವ್ನೆ. ಎದ್ದೋಗವ್ನೆ."

"ಯಾಕೆ ಎದ್ದ?"

"ನಂಗೇನ್ಲಾ ಗೊತ್ತು. ಉಂಡ್ಕೊಂಡು ಬರಾನ ಅಂತ ಎದ್ದಿರ್ಬೋದು. ಉಳಿ ಮೊಂಡಾಗಿರ್ಬೋದು. ಮನೇಲಿ ಯಾರೋ ಸತ್ತಿರ್ಬೋದು. ವಾಪಸ್ಸು ಬರ್ಲಿಲ್ಲ, ಅಷ್ಟೆಯ."

ಹತ್ತೂವರೆ ದಾಟುತ್ತಲೇ ಬಿಸಿಲು ಮೇಲೇರಿತು. ಆ ಗೀರು ಕಾಣದೆ ಹೋಯಿತು. ಫೋನಿನ ಟಾರ್ಚು ಹಾಕಿ ಹುಡುಕಿದರೂ ಸಿಗಲಿಲ್ಲ. ಆ ಬಳೆ ಕಾಣಬೇಕಾದರೆ ಹತ್ತೂವರೆಯ ಒಳಗೆ ಅಲ್ಲಿರಬೇಕು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದಿನದಕ್ಕೆಲ್ಲ ಇದೇ ಕಾರಣ.

ಮೈದಾನದಲ್ಲಿ ಅವರ ಬೆಲೆ ಇದ್ದದ್ದೇ ಆ ಬಲಗಣ್ಣಿನಲ್ಲಿ. ಗುಂಡಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿರುತ್ತಾರೆ. ನೋಡಿದರೆ ಸಮ, ಆದರೆ ಎಲ್ಲೋ ಒಂದು ಕಡೆಗೆ ಸಣ್ಣ ಇಳಿಜಾರು ಇರುತ್ತದೆ. ಚೆಂಡು ಯಾವ ಕಡೆ ತಿರುಗುತ್ತದೆ ಅಂತ ಹೇಳುವುದೇ ಕ್ಯಾಡಿಯ ವಿದ್ಯೆ. ಆಚಾರ್ರು ಕುಕ್ಕರಗಾಲಲ್ಲಿ ಕೂತು, ಎಡಗಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಹಿಡಿದು ನೋಡುತ್ತಿದ್ದರು. ಆಮೇಲೆ ಎರಡು ಬೆರಳು ತೋರಿಸಿ, "ಇಷ್ಟು ಎಡಕ್ಕೆ" ಅನ್ನುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಎರಡು ಬೆರಳಿಗೆ ಇಂಗ್ಲಿಷ್ ಬೇಕಾಗಿಯೂ ಇರಲಿಲ್ಲ. ಒಮ್ಮೆ ಬಂದು ಹೋದವರು ಮುಂದಿನ ಸಲ ಅವರೇ ಬೇಕು ಅಂತ ಕೇಳಿ ಬರುತ್ತಿದ್ದರು.

ಇಷ್ಟು ಹೇಗೆ ಕಾಣುತ್ತದೆ ಅಂತ ಒಂದು ಸಲ ಕೇಳಿದೆ.

"ಮೂಗುಬೊಟ್ಟಿಗೆ ಕಲ್ಲು ಕೂರ್ಸಿದ್ದೀಯಾ ಯಾವತ್ತಾದ್ರೂ?"

"ಇಲ್ಲ."

"ಅದಕ್ಕೆ ನಿಂಗೆ ಕಾಣ್ಸಲ್ಲ. ನಮ್ಮಪ್ಪ ಕೆನ್ನೆಗೆ ಬಾರ್ಸಿ ಕಲಿಸ್ದ. ಮೊದ್ಲು ನೋಡು, ಆಮೇಲೆ ಕೈ ಎತ್ತು ಅನ್ನೋನು. ಸುತ್ತಿಗೆ ಎತ್ತಿದ್ಮೇಲೆ ನೋಡೋಕೋದ್ರೆ ಬಿತ್ತು ಏಟು."

ಈ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ರಿವರ್ಸ್ ತೆಗೆಯುವಾಗ ರಿಯಾಜ್ ಭಾಯ್‌ಗೂ ಹೇಳುತ್ತಿದ್ದರು. "ಅರೆ ಆಚಾರ್ರೇ, ಇದು ಸುತ್ತಿಗೆ ಅಲ್ಲ, ಗಾಡಿ," ಅಂತ ರಿಯಾಜ್ ಭಾಯ್ ರೇಗುತ್ತಿದ್ದ. "ಸುತ್ತಿಗೆಗಿಂತ ದೊಡ್ದು ಕಣ್ ಸಾಬ್ರೇ, ಎರಡು ಸಲ ನೋಡಿ," ಅನ್ನುತ್ತಿದ್ದರು.

ಶ್ರೀರಂಗಪಟ್ಟಣದ ಸಂಗತಿ ಒಂದನ್ನು ಹೇಳಲೇಬೇಕು. ಅತಿಥಿಯೊಬ್ಬರು, ತಮಾಷೆಯ ಮನುಷ್ಯ, ಕೋಟೆಯ ಗೋಡೆಯ ಮೇಲೆ ನಿಂತಾಗ ವ್ಯಾನಿನಿಂದ ಒಂದು ಕೋಲು ತರಿಸಿದರು. ಗೋಡೆಯಿಂದ ಕಾವೇರಿಯ ಮೇಲೆ ಒಂದು ಚೆಂಡು ಹೊಡೆಯುತ್ತೇನೆ, ನೀನು ವಿಡಿಯೊ ಮಾಡು ಅಂದರು. ನಾನು ಫೋನ್ ತೆಗೆದೂ ಬಿಟ್ಟೆ. ಕೋಲು ತಂದುಕೊಟ್ಟ ಆಚಾರ್ರು ನದಿಯ ಕಡೆ ಬಗ್ಗಿ ನೋಡಿದರು. ಹಿಂದಕ್ಕೆ ಬಂದು, ಅತಿಥಿ ಕಲ್ಲಿನ ಮೇಲಿಟ್ಟಿದ್ದ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ಕೆಳಗೆ ಎಂಗಸ್ರು ಬಟ್ಟೆ ಒಗೀತಾವ್ರೆ ಅಂತ ಯೋಳ್ಲಾ ಅವ್ರಿಗೆ."

ನಾನು ಹೇಳಿದೆ. ಅತಿಥಿ ನಕ್ಕರು. ಅವರ ತಲೆಯ ಮೇಲಿಂದ ಬಹಳ ದೂರ ಹೋಗುತ್ತದೆ, ನನ್ನ ಹೊಡೆತ ನನಗೆ ಗೊತ್ತು ಅಂದರು.

"ಓಯ್ತದೆ ಅಂತ ಅವ್ರಿಗೆ ಗೊತ್ತು. ಒಗೆಯೋರಿಗೆ ಗೊತ್ತಿಲ್ಲವಲ್ಲ. ಚೆಂಡು ಕೊಡಕ್ಕಾಗಲ್ಲ ಅನ್ನು."

ಅತಿಥಿಯ ಮುಖ ಕೆಂಪಗಾಯಿತು. ಅವತ್ತು ಸಂಜೆ ಮ್ಯಾನೇಜರು ಆಚಾರ್ರನ್ನು ಕರೆದು ಬೈದರಂತೆ. ಮಾರನೆಯ ಬೆಳಿಗ್ಗೆ ಅದೇ ಅತಿಥಿಯ ಚೀಲವನ್ನೇ ಹೊತ್ತುಕೊಂಡು ನಡೆಯುತ್ತಿದ್ದರು, ಎರಡು ಬೆರಳು ತೋರಿಸುತ್ತ. ಆ ವಿಡಿಯೊ ಕೈ ತಪ್ಪಿತು ಅಂತ ನನಗೆ ಬೇಜಾರಾಗಿತ್ತು, ನಿಜ ಹೇಳಬೇಕೆಂದರೆ.

ಈಗ ಆ ಬೆಳಿಗ್ಗೆ. ಇದಾಗಿ ನಾಲ್ಕು ವರ್ಷ.

ಮೈದಾನದ ಆರನೆಯ ಗುಂಡಿಗೆ ಹೋಗುವ ದಾರಿಯಲ್ಲಿ ಒಂದು ದಿಬ್ಬ ಇದೆ. ಆಡುವವರು ದಿಬ್ಬದ ಈಚೆ ನಿಂತು ಹೊಡೆಯುತ್ತಾರೆ, ಚೆಂಡು ದಿಬ್ಬ ದಾಟಿ ಆಚೆ ಬೀಳುತ್ತದೆ. ಆಚೆ ಯಾರಿದ್ದಾರೆ, ಏನಿದೆ, ಅವರಿಗೆ ಕಾಣುವುದಿಲ್ಲ. ಅದಕ್ಕೆ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಆಚಾರ್ರು ದಿಬ್ಬ ಇಳಿದು ಆಚೆಗಿದ್ದ ಹೊಂಗೆ ಮರದ ಹಿಂದೆ ನಿಲ್ಲಬೇಕು, ಚೆಂಡು ಬಿದ್ದ ಜಾಗ ನೋಡಿಕೊಳ್ಳಲು. ಇನ್ನೊಬ್ಬರು ಬಿಳಿ ಟವಲು ಹಿಡಿದು ದಿಬ್ಬದ ಮೇಲೆ ನಿಲ್ಲಬೇಕು. ಆಚಾರ್ರು ಮರದ ಹಿಂದೆ ಸೇರಿ ಕೈ ಎತ್ತಿ ತೋರಿಸಬೇಕು. ಅದನ್ನು ನೋಡಿದ ಮೇಲೆ ದಿಬ್ಬದ ಮೇಲಿನವರು ಟವಲು ಎತ್ತಬೇಕು. ಟವಲು ಕಂಡರೆ ಹೊಡೆಯಬಹುದು. ದಿಬ್ಬದಿಂದ ಮರಕ್ಕೆ ಅರವತ್ತು ಹೆಜ್ಜೆ ಇರಬಹುದು.

ಟವಲು ಹಿಡಿಯುತ್ತಿದ್ದವನು ಅವತ್ತು ಜ್ವರ ಅಂತ ಬಂದಿರಲಿಲ್ಲ. ಆಟ ತಡವಾಗಿ ಶುರುವಾಗಿತ್ತು. ನಾನು ಏಳು ಗಂಟೆಯಿಂದ ಮೈದಾನದ ಅಂಚಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಆ ಸಲ ಬಂದವರು ಹೊರರಾಜ್ಯದ ನಾಲ್ಕು ಜನ ಗೆಳೆಯರು, ನಿವೃತ್ತರು, ಕಲೆ ಗಿಲೆ ಓದಿಕೊಂಡವರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಮಾತು ಕೊಟ್ಟಿದ್ದೆ: ನಾಳೆ ನಿಮಗೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ವಸ್ತು ತೋರಿಸುತ್ತೇನೆ, ನಾನೇ ಕಂಡುಹಿಡಿದದ್ದು. ಹತ್ತೂವರೆಯ ಒಳಗೆ ಅಲ್ಲಿರಬೇಕು, ಅಷ್ಟೆ.

ನಾನೇ ಕಂಡುಹಿಡಿದದ್ದು ಅಂತಲೇ ಹೇಳಿದ್ದೆ.

ಐದನೆಯ ಗುಂಡಿ ಮುಗಿಯುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಟವಲು ನಾನೇ ಹಿಡಿಯುತ್ತೇನೆ ಆಚಾರ್ರೇ, ಬೇಗ ಬೇಗ ಮುಗಿಸೋಣ ಅಂದೆ. ಅವರು ನನ್ನನ್ನು ಒಮ್ಮೆ ನೋಡಿದರು. ಹೆಗಲ ಮೇಲಿದ್ದ ಟವಲು ಕೊಟ್ಟರು.

"ನಾನು ಕೈ ಎತ್ತೋಗಂಟ ನೀನು ಎತ್ತಂಗಿಲ್ಲ."

"ಗೊತ್ತು ಆಚಾರ್ರೇ."

"ಮೊದ್ಲು ನೋಡು..."

"ಆಮೇಲೆ ಕೈ ಎತ್ತು. ಗೊತ್ತು. ನಡೀರಿ ನೀವು."

ನಡೆದರು. ಅವರ ನಡಿಗೆ ನಿಧಾನ, ಯಾವಾಗಲೂ. ಅವತ್ತು ಇನ್ನೂ ನಿಧಾನ ಅನ್ನಿಸಿತು. ಹಿಂದೆ ಅತಿಥಿಯೊಬ್ಬರು ಕೋಲು ಹಿಡಿದು ಕಾಯುತ್ತಿದ್ದರು. ಇವರು ಹೊಡೆಯುವ ಮೊದಲು ನಾಲ್ಕೈದು ಸಲ ಗಾಳಿಯಲ್ಲಿ ಬೀಸಿ, ನಿಂತು, ಉಸಿರು ಬಿಟ್ಟು, ಆಮೇಲೆ ಹೊಡೆಯುವವರು. ಮೂರು ದಿನದಿಂದ ನೋಡಿದ್ದೆ. ಕಡಿಮೆ ಅಂದರೂ ಅರ್ಧ ನಿಮಿಷ. ನಾನು ಈಗಲೇ ಟವಲು ಎತ್ತಿದರೆ ಇವರು ಬೀಸಿ ಮುಗಿಸುವಷ್ಟರಲ್ಲಿ ಆಚಾರ್ರು ಮರ ಸೇರಿರುತ್ತಾರೆ ಅಂತ ಲೆಕ್ಕ ಹಾಕಿದೆ. ಅರ್ಧ ನಿಮಿಷ ಉಳಿಯುತ್ತದೆ.

ಎತ್ತಿದೆ.

ಆಚಾರ್ರಿಗೆ ಒಂದು ಅಭ್ಯಾಸವಿತ್ತು. ಮರ ಸೇರುವ ಮುಂಚೆ ಒಮ್ಮೆ ತಿರುಗಿ, ಟವಲು ಕೆಳಗೇ ಇದೆ ತಾನೆ ಅಂತ ನೋಡುವುದು. ತಿರುಗಿದರು. ಟವಲು ಮೇಲಿತ್ತು. ನಮ್ಮಿಬ್ಬರ ಕಣ್ಣು ಸೇರಿದವು. ಅವರು ಬಾಯಿ ತೆರೆದರು, ಬೈಯಲಿಕ್ಕೆ ಇರಬೇಕು. ಹಿಂದಿದ್ದ ಅತಿಥಿ ಕಾದು ಕಾದು ಸಾಕಾಗಿ, ಅವತ್ತು ಒಂದು ಸಲವೂ ಬೀಸದೆ ನೇರ ಹೊಡೆದುಬಿಟ್ಟಿದ್ದರು. ಚೆಂಡು ನನ್ನ ಪಕ್ಕದಲ್ಲಿ ಸುಂಯ್ ಅಂತ ಹೋದದ್ದು ಕೇಳಿಸಿತು. ಬಡಿದ ಸದ್ದು ದೊಡ್ಡದೇನಲ್ಲ. ತೆಂಗಿನಕಾಯಿಗೆ ಬೆರಳಿಂದ ತಟ್ಟಿದ ಹಾಗೆ. ಅವರು ಕೂತುಬಿಟ್ಟರು.

ಓಡಿ ಹೋದಾಗ ಎರಡೂ ಕೈ ಮುಖದ ಮೇಲಿದ್ದವು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಆ ಉದ್ದ ಉಗುರೂ ಕೆಂಪಾಗಿತ್ತು. ಟವಲನ್ನು ಮಡಿಸಿ ಅವರ ಬಲಗಣ್ಣಿಗೆ ಒತ್ತಿದೆ. ಅವರು ನನ್ನ ಮುಂಗೈ ಹಿಡಿದುಕೊಂಡರು.

ರಿಯಾಜ್ ಭಾಯ್ ವ್ಯಾನನ್ನು ಹುಲ್ಲಿನ ಮೇಲೇ ತಂದು ಅವರನ್ನು ಮೈಸೂರಿಗೆ ಕರೆದುಕೊಂಡು ಹೋದ. ಹೊಡೆದ ಅತಿಥಿಯೂ ವ್ಯಾನು ಹತ್ತಿದರು. ನಾನೂ ಹತ್ತಲು ಹೋದೆ. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಉಳಿದ ಮೂರು ಜನರನ್ನು ಕಾರಿನಲ್ಲಿ ಹೊಸಹೊಳಲಿಗೆ ಕರೆದುಕೊಂಡು ಹೋಗು, ಇಲ್ಲಿ ಕೂರಿಸಿಕೊಂಡು ಇದನ್ನೇ ಮಾತಾಡಿಸುವುದು ಬೇಡ ಅಂದರು.

ನಾನು ಹೋದೆ. ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಹತ್ತು ಇಪ್ಪತ್ತಕ್ಕೆ ಆ ಗೋಡೆಯ ಮುಂದಿದ್ದೆವು. ಬಿಸಿಲು ಓರೆಯಾಗಿ ಬಿದ್ದಿತ್ತು, ಬೇಕಾದ ಹಾಗೇ. ನನ್ನ ಬಾಯಿ ತಾನಾಗಿ ಆಡತೊಡಗಿತು. ಎಡದಿಂದ ಶುರು ಮಾಡಿದ್ದಾನೆ, ಏಳು ಮುತ್ತು ಕೊರೆದಿದ್ದಾನೆ, ಎಂಟನೆಯದಕ್ಕೆ ಗುರುತು ಹಾಕಿದ್ದಾನೆ, ಎದ್ದು ಹೋಗಿದ್ದಾನೆ. ಊಟಕ್ಕೆ ಎದ್ದಿರಬಹುದು, ಉಳಿ ಮೊಂಡಾಗಿರಬಹುದು, ಮನೆಯಲ್ಲಿ ಯಾರೋ ಸತ್ತಿರಬಹುದು. ವಾಪಸ್ಸು ಬರಲಿಲ್ಲ, ಅಷ್ಟೆ. ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿನಗೆ ದೊಡ್ಡ ಕಣ್ಣಿದೆ ಕಣಪ್ಪ ಅಂತ ನನ್ನ ಬೆನ್ನು ತಟ್ಟಿದರು. ನೀವು ಮೆಚ್ಚಿದ ಫೋಟೊ ನಾನು ಅವತ್ತೇ ತೆಗೆದದ್ದು.

ಕಣ್ಣು ಉಳಿಯಲಿಲ್ಲ. ಡಾಕ್ಟರು ಪ್ರಯತ್ನ ಪಟ್ಟರು, ಆದರೆ ಅದು ಒಳಗೇ ಒಡೆದಿತ್ತು.

ಮೂರನೆಯ ದಿನ ಮ್ಯಾನೇಜರು ಆಸ್ಪತ್ರೆಗೆ ಹೋಗಿ ಏನಾಯಿತು ಅಂತ ಕೇಳಿದರು. ನಾನು ಆಗ ಅಲ್ಲಿರಲಿಲ್ಲ. ನನ್ನ ಸರದಿಗೆ ಕಾಯುತ್ತ ರೆಸಾರ್ಟಿನ ಅಡುಗೆಮನೆಯ ಹಿಂದೆ ಕೂತಿದ್ದೆ. ನಿಜ ಹೇಳಿಬಿಡಬೇಕು ಅಂತಲೇ ಕೂತಿದ್ದೆ. ಅಥವಾ ಈಗ ಹಾಗೆ ಅಂದುಕೊಳ್ಳುತ್ತಿದ್ದೇನೆಯೋ ಏನೋ ಗೊತ್ತಿಲ್ಲ. ರಿಯಾಜ್ ಭಾಯ್ ಬಂದು ಪಕ್ಕದಲ್ಲಿ ಕೂತ.

"ನಿನ್ನ ಯಾರೂ ಕೇಳಲ್ಲ ಬಿಡು. ಆಚಾರ್ರು ಹೇಳ್ಬಿಟ್ರು."

"ಏನಂತ?"

"ಮರದ ಹಿಂದೆ ಹೋಗಿ ಕೈ ಎತ್ತಿದ್ದೆ. ಆಮೇಲೆ ನಾನೇ ಮರ ಬುಟ್ಟು ಈಚೆ ಬಂದೆ. ತಪ್ಪು ನಂದೇ. ಇಷ್ಟೇ ಹೇಳಿದ್ದು." ಬೀಡಿ ಹಚ್ಚಿ ನನ್ನ ಮುಖ ನೋಡಿದ. "ಖುದಾಗೆ ಗೊತ್ತು ನಿಜ ಏನು ಅಂತ. ನನಗೆ ಬೇಡ."

ಮರ ಬಿಟ್ಟು ಈಚೆ ಬಂದ ಕ್ಯಾಡಿಯನ್ನು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಮೈದಾನದ ನಿಯಮ. ಒಂದೇ ಕಣ್ಣಿನ ಕ್ಯಾಡಿ ಹೇಗೂ ಬೇಡವಾಗಿತ್ತು. ಆಚಾರ್ರು ನಾಗಮಂಗಲಕ್ಕೆ ವಾಪಸ್ಸಾದರು. ನನ್ನ ಕೆಲಸ ಉಳಿಯಿತು.

ನೋಡಲು ಹೋದದ್ದು ಐದು ತಿಂಗಳ ಮೇಲೆ. ನಾಗಮಂಗಲದ ದೇವಸ್ಥಾನ ತೋರಿಸಲು ಅಷ್ಟರಲ್ಲಿ ನಾಲ್ಕು ಸಲ ಹೋಗಿದ್ದೆ. ಅವರ ಬೀದಿ ಅಲ್ಲಿಂದ ಹತ್ತು ನಿಮಿಷದ ದಾರಿ. ಐದನೆಯ ಸಲ ಕಾಲು ಎಳೆದುಕೊಂಡು ಹೋದೆ.

ಬಾಗಿಲ ಪಕ್ಕ ಹಳೆಯ ಕುಮುಟೆ ಹಚ್ಚಿಕೊಂಡು ಕೂತಿದ್ದರು. ಪಕ್ಕದ ಮನೆಯವರ ಬೆಳ್ಳಿ ಕಾಲ್ಗೆಜ್ಜೆಗೆ ಬೆಸುಗೆ ಹಾಕಬೇಕಿತ್ತು. ಬಾಯಲ್ಲಿ ಊದುಗೊಳವೆ, ಕೈಯಲ್ಲಿ ಇಕ್ಕಳ. ಬೆಸುಗೆಯ ಚೂರನ್ನು ಕೊಂಡಿಯ ಮೇಲೆ ಇಡಲು ಹೋದರೆ ಅದು ಕೊಂಡಿಯಿಂದ ಒಂದು ಬೆರಳು ಆಚೆ ಬಿತ್ತು. ಮತ್ತೆ ಇಟ್ಟರು. ಈಚೆ ಬಿತ್ತು. ಮೂರನೆಯ ಸಲ ಬಿದ್ದಾಗ ಇಕ್ಕಳ ಕೆಳಗಿಟ್ಟು ನನ್ನ ಕಡೆ ಮುಖ ತಿರುಗಿಸಿದರು. ಪೂರ್ತಿ ಮುಖವನ್ನೇ ತಿರುಗಿಸಬೇಕಿತ್ತು, ಬಲಗಡೆ ನಿಂತಿದ್ದ ನಾನು ಹಾಗಲ್ಲದೆ ಅವರಿಗೆ ಕಾಣುತ್ತಿರಲಿಲ್ಲ.

"ಎರಡಿದ್ರೆ ದೂರ ಗೊತ್ತಾಯ್ತದೆ ಕಣ್ಲಾ," ಅಂದರು. "ಒಂದೇ ಆದ್ರೆ ಎಲ್ಲ ಗ್ವಾಡೆ ಮ್ಯಾಲಿನ ಚಿತ್ರ ಇದ್ದಂಗೆ. ಕೂತ್ಕೊ."

ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ಗಟ್ಟಿ ಹೆಂಗಸು. ಲೋಟ ಇಡುತ್ತಲೇ ಶುರು ಮಾಡಿದರು.

"ನೋಡಪ್ಪ, ಮರದ ಇಂದೆ ತೆಪ್ಪಗೆ ನಿಂತ್ಕೊಳಕ್ಕೆ ಏನಾಗಿತ್ತು ಇವ್ರಿಗೆ? ಊರೋರ್ಗೆಲ್ಲ ನೋಡು ನೋಡು ಅಂತ ಬುದ್ಧಿ ಯೋಳ್ಕೊಂಡು ತಿರ್ಗೋರು. ತಾವು ನೋಡ್ಲಿಲ್ಲ."

"ಓಗ್ಲಿ ಬುಡು," ಅಂದರು ಆಚಾರ್ರು.

"ಏನ್ ಓಗ್ಲಿ ಬುಡು? ಓಗಿದ್ದು ಯಾರ ಕಣ್ಣು?"

ಅವರು ಕಾಲ್ಗೆಜ್ಜೆಯನ್ನು ತಿರುಗಿಸಿ ನೋಡಿದರು. ನಾನು ಕಾಫಿ ಲೋಟ ಎತ್ತಿಕೊಂಡೆ. ಆಕೆ ಒಳಗೆ ಹೋದ ಮೇಲೆ ನಾನು ಬಾಯಿ ತೆರೆದೆ. "ಆಚಾರ್ರೇ, ಅವತ್ತು ನಾನು..."

"ಆ ಬಳೆ ತೋರಿಸ್ದ್ಯಾ ಅವ್ರಿಗೆ?"

"ತೋರಿಸಿದೆ."

"ಬಿಸ್ಲು ಸರಿಯಾಗಿತ್ತಾ?"

"ಇತ್ತು."

"ಅಂಗಾದ್ರೆ ಸರಿ ಬುಡು," ಅಂದು ಇಕ್ಕಳ ಎತ್ತಿಕೊಂಡರು.

ಅದು ಕ್ಷಮೆಯೋ, ಶಿಕ್ಷೆಯೋ, ಈವರೆಗೂ ನನಗೆ ತಿಳಿದಿಲ್ಲ. ವ್ಯಂಗ್ಯ ಇರಲಿಲ್ಲ, ಅಷ್ಟು ಹೇಳಬಲ್ಲೆ. ಒಬ್ಬ ಕೆಲಸಗಾರ ಇನ್ನೊಬ್ಬನನ್ನು ಕೆಲಸ ಮುಗೀತಾ ಅಂತ ಕೇಳಿದ ಹಾಗಿತ್ತು. ಆಮೇಲೆ ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಪ್ರತಿ ಸಲವೂ ಹೇಳಿಬಿಡೋಣ ಅಂತ ಹೋಗಿ, ಕಾಫಿ ಕುಡಿದು, ಆಕೆ ಗಂಡನನ್ನು ಬೈಯುವುದನ್ನು ಕೇಳಿಕೊಂಡು ವಾಪಸ್ಸು ಬರುತ್ತಿದ್ದೆ. ಕುಮುಟೆ ಆರಿತ್ತು. ಕೊನೆಕೊನೆಗೆ ಅವರು ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬಲಗೈಯ ಆ ಉಗುರನ್ನೂ ಕತ್ತರಿಸಿಬಿಟ್ಟಿದ್ದರು.

ಹೋದ ತಿಂಗಳು ಆಚಾರ್ರು ಶ್ರೀರಂಗಪಟ್ಟಣಕ್ಕೆ ಸಂಬಂಧಿಕರ ಮನೆಗೆ ಬಂದಿದ್ದಾರೆ. ಸಂಜೆ ವಾಪಸ್ಸು ಹೋಗುವ ಬಸ್ಸಿಗೆ ರಸ್ತೆ ದಾಟುವಾಗ ಬಲಗಡೆಯಿಂದ ಟೆಂಪೊ ಬಂದಿದೆ. ಚಾಲಕ ಹಾರನ್ ಮಾಡಿದ್ದನಂತೆ. ಇವರು ಸದ್ದು ಕೇಳಿ ಮುಖ ತಿರುಗಿಸುವಷ್ಟರಲ್ಲಿ ಮುಗಿದಿತ್ತು. ರಿಯಾಜ್ ಭಾಯ್ ಅಲ್ಲೇ ಸ್ಟ್ಯಾಂಡಿನಲ್ಲಿದ್ದ, ಅವನೇ ಫೋನ್ ಮಾಡಿದ. "ಬಲಗಡೆ ಭಾಯ್," ಅಂದ. ಬಲಗಡೆ ಅಂತ ಎರಡು ಸಲ ಹೇಳಿದ. ತಪ್ಪು ನನ್ನದು ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತು ಅನ್ನುವುದು ನನಗೆ ಆಗ ಅರ್ಥವಾಯಿತು.

ತಿಥಿಯ ದಿನ ಆಚಾರ್ರ ಹೆಂಡತಿ ನನ್ನನ್ನು ಮೂಲೆಗೆ ಕರೆದರು. ಬೈಯುವ ಶಕ್ತಿ ಇರಲಿಲ್ಲ.

"ಮಗ, ಅವತ್ತು ನೀನೂ ಅಲ್ಲೇ ಇದ್ದೆ ಅಂತಾರೆ. ನಾಕು ವರ್ಸ ಕೇಳಿದ್ದೀನಿ ಅವ್ರ್ನ, ಯಾಕೆ ಮರ ಬುಟ್ಟು ಬಂದ್ರಿ ಅಂತ. ಒಂದಿನಾನೂ ಬಾಯಿ ಬುಡ್ನಿಲ್ಲ. ನಿಂಗೆ ಗೊತ್ತಾ?"

"ಗೊತ್ತಿಲ್ಲ ಅಮ್ಮ," ಅಂದೆ.

ತಿಥಿಯ ಊಟ ಹಾಕಿದರು. ಉಂಡೆ. ಅದೂ ಬರೆಯಬೇಕು ಅಂತ ಬರೆಯುತ್ತಿದ್ದೇನೆ.

ಈ ಬರಹವನ್ನು ಇಲ್ಲಿ ಹಾಕುವ ಮೊದಲು ನಿನ್ನೆ ಬೆಳಿಗ್ಗೆ ನಾಗಮಂಗಲಕ್ಕೆ ಹೋಗಿದ್ದೆ. ಆಕೆ ಹೊಸ್ತಿಲ ಹತ್ತಿರ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಕೂರದೆ ನಿಂತೇ ಹೇಳಿದೆ. ಟವಲು ನನ್ನ ಕೈಯಲ್ಲಿತ್ತು. ಅವರು ಮರ ಬಿಟ್ಟು ಬರಲಿಲ್ಲ ಅಮ್ಮ, ಮರ ಸೇರಿರಲೇ ಇಲ್ಲ. ಅವರು ಕೈ ಎತ್ತುವ ಮೊದಲೇ ನಾನು ಎತ್ತಿದೆ. ಅದು ಅವರಿಗೆ ಗೊತ್ತಿತ್ತು, ನನ್ನನ್ನೇ ನೋಡುತ್ತಿದ್ದರು.

ಆಕೆಯ ಕೈ ನಿಂತಿತು. ಕೆನ್ನೆಗೆ ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದರೆ ಸಾಕು ಅನ್ನಿಸುತ್ತಿತ್ತು.

"ಮರಕ್ಕೆ ಇನ್ನೂ ಎಷ್ಟು ದೂರ ಇತ್ತು?"

ನನಗೆ ಗೊತ್ತಿತ್ತು. ಅವತ್ತು ಹೊಸಹೊಳಲಿನಿಂದ ಬಂದ ಮೇಲೆ, ಸಂಜೆ, ಆಚಾರ್ರು ಏಟು ತಿಂದು ಕೂತ ಜಾಗದಲ್ಲಿ ಅವರ ಟೋಪಿ ಇನ್ನೂ ಹುಲ್ಲಿನ ಮೇಲೆ ಬಿದ್ದಿತ್ತು. ಅಲ್ಲಿಂದ ಮರಕ್ಕೆ ಅಳೆದಿದ್ದೆ.

"ಹನ್ನೊಂದು ಹೆಜ್ಜೆ."

ಆಕೆ ಮೊರ ಪಕ್ಕಕ್ಕಿಟ್ಟು ಎದ್ದರು. ಹೊಸ್ತಿಲಿಂದ ಇಳಿದು ಬೀದಿಗೆ ನಡೆದರು, ಬಾಯಲ್ಲಿ ಎಣಿಸುತ್ತ. ಹನ್ನೊಂದಕ್ಕೆ ಎದುರು ಮನೆಯ ನಲ್ಲಿಯ ಹತ್ತಿರ ನಿಂತರು. ಅಲ್ಲಿಂದ ತಿರುಗಿ ನನ್ನನ್ನು ನೋಡಿದರು. ಅವತ್ತು ಆಚಾರ್ರು ನೋಡಿದ ಹಾಗೆಯೇ. ನನ್ನ ಎರಡೂ ಕೈ ಕೆಳಗಿದ್ದವು.

"ಇಷ್ಟೇಯ?" ಅಂದರು.

ಆಮೇಲೆ ವಾಪಸ್ಸು ಬಂದು, ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದರು. ಗಂಡನ ಫೋಟೊದ ಮುಂದೆ ನಿಂತು, ನಾಕು ವರ್ಸ ಬೈದೆ ಕಣ್ರೀ ನಿಮ್ನ, ನಾಕು ವರ್ಸ, ಅನ್ನುತ್ತಿದ್ದದ್ದು ಹೊರಗೆ ಕೇಳಿಸುತ್ತಿತ್ತು. ನನ್ನನ್ನು ಒಳಗೆ ಕರೆಯಲಿಲ್ಲ. ಸುಲಿದ ಅವರೆಕಾಳಿನ ಮೊರ ಹೊಸ್ತಿಲಲ್ಲೇ ಉಳಿದಿತ್ತು. ನಾನು ಸ್ವಲ್ಪ ಹೊತ್ತು ನಿಂತಿದ್ದು ಬಂದುಬಿಟ್ಟೆ.

ಬಳೆಯ ಫೋಟೊದ ಕೆಳಗೆ ನಾನು ಕಂಡುಹಿಡಿದದ್ದು ಅಂತ ಬರೆದಿದ್ದೆ. ಅದನ್ನು ತೆಗೆದಿದ್ದೇನೆ. ನಾಗಮಂಗಲದ ಒಬ್ಬ ಅಕ್ಕಸಾಲಿಗರು ಕಂಡದ್ದು ಅಂತ ಹಾಕಿದ್ದೇನೆ. ನೀವು ಹೋದರೆ ಹತ್ತೂವರೆಯ ಒಳಗೆ ಹೋಗಿ.

ನಿಮ್ಮಲ್ಲಿ ಆ ಮೈದಾನಕ್ಕೆ ಆಡಲು ಬಂದವರು ಯಾರಾದರೂ ಇದ್ದರೆ, ಎರಡು ಬೆರಳು ತೋರಿಸಿ ದಾರಿ ಹೇಳಿದ ಒಬ್ಬ ತೆಳ್ಳಗಿನ ಕ್ಯಾಡಿ ನೆನಪಿದ್ದರೆ, ಕೆಳಗೆ ಬರೆಯಿರಿ. ಪ್ರತಿಯೊಂದನ್ನೂ ಬರೆದುಕೊಂಡು ಹೋಗಿ ಆಕೆಗೆ ಓದಿ ಹೇಳುತ್ತೇನೆ, ಒಳಗೆ ಕರೆಯದಿದ್ದರೆ ಹೊಸ್ತಿಲಲ್ಲೇ ನಿಂತು. ಅವರನ್ನು ಕಾಣದಿದ್ದರೂ, ನಿಮ್ಮ ತಪ್ಪನ್ನು ತಮ್ಮದು ಅಂದು ಸುಮ್ಮನಾದವರು ನಿಮಗೂ ಒಬ್ಬರಿದ್ದರೆ ಅದನ್ನೂ ಬರೆಯಿರಿ. ಅವರು ಇನ್ನೂ ಬದುಕಿದ್ದರೆ ಇಲ್ಲಿ ಬರೆಯುವ ಮುಂಚೆ ಅವರ ಮನೆಗೆ ಹೋಗಿ ಬನ್ನಿ. ನಾನು ಕಾಯುತ್ತೇನೆ.